ಮನೆ ಕಟ್ಟುವವರು ಒಮ್ಮೆ ಸಂಡೂರಿನ ಬೆಟ್ಟವನ್ನೂ ನೋಡಲಿ

(ಹೊಸಪೇಟೆಯಲ್ಲಿ ನಡೆದ ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಂಘಟಕರು ನಮಗೆ ವಹಿಸಿದ ವಿಷಯ, ಪರಿಸರಕ್ಕೆ ಹಾನಿಯಾಗದಂತೆ ಮನೆ ಕಟ್ಟುವುದು ಹೇಗೆ ಎಂಬುದು. ಇದು ಬೆಂಗಳೂರಿನ ಉಳ್ಳವರ ಹವ್ಯಾಸವಲ್ಲವೇ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಜೀವಮಾನದಲ್ಲಿ ಒಮ್ಮೆ ಮನೆ ಕಟ್ಟುವ, ಅದಕ್ಕಾಗಿ ಒಡವೆ ಮಾರುವ, ಗಲ್ಫಿನಲ್ಲಿ ಹತ್ತು ವರ್ಷ ದುಡಿದ ಮಗನ ಉಳಿತಾಯವನ್ನೆಲ್ಲ ಸುರಿಯುವ ಕುಟುಂಬಗಳ ಮುಂದೆ ಇಂಗಾಲ, ಪರಿಸರ ಎಂದೆಲ್ಲ ಮಾತನಾಡುವುದು ಸರಿಯೇ? ಈ ಪ್ರಶ್ನೆಯನ್ನು ನಾವೂ ಕೇಳಿಕೊಂಡಿದ್ದೇವೆ. ಆದರೆ ನಾವು ವಾಸಿಸುವ ಸ್ಥಳವನ್ನು ನೆನೆದಾಗ, ಈ ವಿಷಯವನ್ನು ಮಾತನಾಡಲು ಕರ್ನಾಟಕದಲ್ಲಿ ಇದಕ್ಕಿಂತ ಸೂಕ್ತವಾದ ಇನ್ನೊಂದು ಊರು ಇಲ್ಲವೆಂದು ಖಚಿತವಾಯಿತು. ಮನೆಗೆ ಬೇಕಾದ ಕಬ್ಬಿಣದ ಅದಿರು ಸಂಡೂರಿನ ಬೆಟ್ಟದಲ್ಲಿದೆ. ಅದನ್ನು ಕರಗಿಸುವ ಕುಲುಮೆ ತೋರಣಗಲ್ಲಿನಲ್ಲಿದೆ. ಮರಳು ತುಂಗಭದ್ರೆಯ ಒಡಲಲ್ಲಿದೆ. ಇಟ್ಟಿಗೆಯ ಮಣ್ಣು ಕಂಪ್ಲಿಯ ಗದ್ದೆಯಲ್ಲಿದೆ. ಆರು ನೂರು ವರ್ಷಗಳಿಂದ ಬಿಸಿಲು ಮಳೆಗಳನ್ನು ಎದುರಿಸಿ ನಿಂತ ಕಟ್ಟಡಗಳು ಹಂಪಿಯಲ್ಲಿವೆ. ಮನೆಯೂ, ಮನೆಗಾಗಿ ಬಗೆದ ಗಾಯವೂ ಒಂದೇ ದಿನದ ಪ್ರಯಾಣದಲ್ಲಿ ಕಣ್ಣಿಗೆ ಬೀಳುವ ನಾಡು ಇದು.

ಮೊದಲು ನಮ್ಮ ತಪ್ಪಿನಿಂದಲೇ ಆರಂಭಿಸುತ್ತೇವೆ. ನಮ್ಮ ದಾದಾ ಕಟ್ಟಿಸಿದ ಮನೆ ಮಣ್ಣಿನ ಮಾಳಿಗೆಯದ್ದಾಗಿತ್ತು. ಎರಡು ಅಡಿ ದಪ್ಪದ ಕಲ್ಲುಗೋಡೆ, ತೊಲೆ, ಜಂತಿ, ಅದರ ಮೇಲೆ ಚೌಳು ಮಣ್ಣು, ನಡುವೆ ಒಂದು ಬೆಳಕಿಂಡಿ. ಪ್ರತಿ ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಮಣ್ಣು ಹಾಕಿಸಬೇಕಾಗಿತ್ತು. ಅದು ತೊಂದರೆಯ ಕೆಲಸ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. 2009ರಲ್ಲಿ ಆ ಮನೆಯನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟಿದೆವು. ನೆಂಟರು ಬಂದು ಮೆಚ್ಚಿದರು. ಮೊದಲ ಬೇಸಿಗೆಯ ಏಪ್ರಿಲ್‌ನಲ್ಲಿ ನಮ್ಮ ಅಮ್ಮಿ ಮಧ್ಯಾಹ್ನದ ಹೊತ್ತು ಚಾಪೆ ಎತ್ತಿಕೊಂಡು ಪಕ್ಕದ ಹಳೆಯ ಮನೆಗೆ ಹೋಗಿ ಮಲಗತೊಡಗಿದರು. ಹೊಸ ಮನೆಯ ತಾರಸಿ ಹಗಲಿಡೀ ಬಿಸಿಲು ಕುಡಿದು ರಾತ್ರಿ ಹನ್ನೊಂದರವರೆಗೆ ಅದನ್ನು ಕೆಳಗೆ ಉಗುಳುತ್ತಿತ್ತು. ಸಾಲದ ಕಂತಿನ ಜೊತೆಗೆ ಏರ್ ಕೂಲರ್, ಆಮೇಲೆ ಎಸಿ, ಅದರ ಹಿಂದೆಯೇ ವಿದ್ಯುತ್ ಬಿಲ್ಲು ಬಂದವು. ಕೆಡವುವ ಮುನ್ನ ಒಬ್ಬರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ.

ಸಹೋದರರೇ, ಒಂದು ಸರಳ ಲೆಕ್ಕ ನೋಡೋಣ. ಸಾವಿರ ಚದರಡಿಯ ಆರ್‌ಸಿಸಿ ಮನೆಗೆ ಚದರಡಿಗೆ ಸುಮಾರು 0.4 ಚೀಲ ಸಿಮೆಂಟು ಮತ್ತು ನಾಲ್ಕು ಕಿಲೋ ಕಬ್ಬಿಣ ಎಂದು ನಮ್ಮ ಗೌಂಡಿಗಳು, ಗುತ್ತಿಗೆದಾರರು ಬಾಯಿಲೆಕ್ಕ ಹಾಕುತ್ತಾರೆ. ಅಂದರೆ 400 ಚೀಲ ಸಿಮೆಂಟು, ಅದು 20 ಟನ್. ಕಬ್ಬಿಣ 4 ಟನ್. ಸಿಮೆಂಟಿನ ಮೂಲವಾದ ಕ್ಲಿಂಕರ್ ತಯಾರಾಗುವುದು ಸುಣ್ಣಕಲ್ಲನ್ನು ಸುಮಾರು 1450 ಡಿಗ್ರಿ ಉಷ್ಣದಲ್ಲಿ ಸುಟ್ಟು. ಒಂದು ಟನ್ ಕ್ಲಿಂಕರಿಗೆ 800ರಿಂದ 900 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಕಲ್ಲಿದ್ದಲಿನಿಂದ ಬರುವುದಲ್ಲ, ಸುಣ್ಣಕಲ್ಲಿನ ಒಳಗಿನಿಂದಲೇ ಬರುವುದು. ಆದ್ದರಿಂದ ಎಷ್ಟು ಒಳ್ಳೆಯ ಇಂಧನ ಬಳಸಿದರೂ ಆ ಭಾಗ ತಪ್ಪುವುದಿಲ್ಲ. ಕುಲುಮೆಯ ಉಕ್ಕಿನಲ್ಲಿ ಟನ್ನಿಗೆ ಎರಡು ಟನ್ನಿಗೂ ಮಿಕ್ಕಿ ಅನಿಲ ಬಿಡುಗಡೆಯಾಗುತ್ತದೆ. ಎರಡನ್ನೂ ಕೂಡಿಸಿದರೆ ನಮ್ಮ ಸಾಧಾರಣ ಮನೆಯೊಂದರ ಬಾಬ್ತು ಸುಮಾರು 25 ಟನ್ ಆಗುತ್ತದೆ. ಇಟ್ಟಿಗೆ, ಟೈಲ್ಸ್, ಸಾಗಾಟ ಇದರಲ್ಲಿ ಸೇರಿಲ್ಲ.

ಆದರೆ ಟನ್ ಲೆಕ್ಕ ಗಾಳಿಯಲ್ಲಿ ತೇಲಿ ಹೋಗುವಂಥದ್ದು, ಅದು ಮನಸ್ಸಿಗೆ ನಾಟುವುದಿಲ್ಲ. ಬೆಟ್ಟದ ಮಾತು ಹಾಗಲ್ಲ. ನಾಲ್ಕು ಟನ್ ಕಬ್ಬಿಣಕ್ಕೆ ಆರು ಟನ್ನಿಗೂ ಮಿಕ್ಕಿದ ಅದಿರು ಬೇಕು. ಆ ಅದಿರು ಬರುವ ಸಂಡೂರಿನ ಕಥೆಯನ್ನು ಈ ಸಭೆಗೆ ಹೇಳಬೇಕಾದ ಅಗತ್ಯವಿಲ್ಲ, ಅದನ್ನು ನಾವೆಲ್ಲ ಉಸಿರಾಡಿದ್ದೇವೆ. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದ ವರ್ಷಗಳಲ್ಲಿ ಹೊಸಪೇಟೆಯ ರಸ್ತೆಯ ಮರಗಳ ಎಲೆಗಳು ಕೆಂಪಾಗಿದ್ದವು, ಒಣಗಲು ಹಾಕಿದ ಬಟ್ಟೆ ಕೆಂಪಾಗಿತ್ತು. 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ತಮ್ಮ ವರದಿಯನ್ನು ಸಲ್ಲಿಸಿದರು. ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟವಾಗಿದೆ ಎಂದು ಅದು ಲೆಕ್ಕ ಹಾಕಿತು. ಎರಡೇ ದಿನಗಳಲ್ಲಿ ಸುಪ್ರೀಮ್ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್‌ನಲ್ಲಿ ತೀವ್ರ ಉಲ್ಲಂಘನೆ ಎಸಗಿದ 51 ಗುತ್ತಿಗೆಗಳು ರದ್ದಾದವು. ಬಳ್ಳಾರಿಗೆ ವರ್ಷಕ್ಕೆ ಎರಡೂವರೆ ಕೋಟಿ ಟನ್ ಎಂಬ ಮಿತಿ ಬಂತು. ಆ ಮಿತಿ 2017ರಲ್ಲಿ 2.8 ಕೋಟಿಯಾಯಿತು, 2022ರ ಆಗಸ್ಟ್‌ನಲ್ಲಿ 3.5 ಕೋಟಿಯಾಯಿತು. ಬೆಟ್ಟ ಬೆಳೆಯುವುದಿಲ್ಲ, ಮಿತಿ ಮಾತ್ರ ಬೆಳೆಯುತ್ತದೆ.

ಆ ದಿನಗಳಲ್ಲಿ ತಪ್ಪು ಮಾಡಿದವರೆಲ್ಲ ಅರಮನೆಗಳಲ್ಲಿದ್ದರು ಎಂದು ಹೇಳಿದರೆ ನಮಗೆ ಹಿತವೆನಿಸುತ್ತದೆ. ನಮ್ಮ ಮೊಹಲ್ಲಾಗಳಿಂದಲೂ ಎಷ್ಟು ಮಂದಿ ಬಡ್ಡಿಗೆ ಸಾಲ ತೆಗೆದು ಲಾರಿ ಖರೀದಿಸಿದರು! ಬಡ್ಡಿಯ ಬಗ್ಗೆ ನಾವು ಪ್ರವಚನಗಳಲ್ಲಿ ಹೇಳುವುದೇನು, ಲಾರಿಯ ಕಂತು ಬಂದಾಗ ಮಾಡಿದ್ದೇನು ಎಂಬುದು ನಮಗೆ ಗೊತ್ತಿದೆ. ಗಣಿ ನಿಂತಾಗ ಲಾರಿಗಳು ರಸ್ತೆ ಬದಿಯಲ್ಲಿ ತುಕ್ಕು ಹಿಡಿದವು. ದೊಡ್ಡವರು ವಕೀಲರನ್ನು ನೇಮಿಸಿಕೊಂಡರು, ಚಾಲಕನ ಹೆಂಡತಿ ತಾಳಿಯ ಲಚ್ಚಾವನ್ನು ಗಿರವಿ ಇಟ್ಟಳು.

ಇನ್ನೂ ಈಚಿನದನ್ನು ನೋಡಿ. 2024ರ ಜೂನ್‌ನಲ್ಲಿ ಕೇಂದ್ರದ ನೂತನ ಉಕ್ಕು ಸಚಿವರು ಸಂಡೂರಿನ ದೇವದಾರಿ ಗಣಿಗೆ ಸಂಬಂಧಿಸಿದ ಕಡತಕ್ಕೆ ಸಹಿ ಮಾಡಿದರು. ಸುಮಾರು 400 ಹೆಕ್ಟೇರ್ ಅರಣ್ಯ, 99 ಸಾವಿರಕ್ಕೂ ಹೆಚ್ಚು ಮರಗಳು. ಜನ ವಿರೋಧಿಸಿದರು. ಅರಣ್ಯ ಭೂಮಿಯನ್ನು ಹಸ್ತಾಂತರಿಸಬಾರದೆಂದು ರಾಜ್ಯದ ಅರಣ್ಯ ಸಚಿವರು ಸೂಚಿಸಿದರು. ಒಂದು ಪಕ್ಷದ ಸಚಿವರು ಸಹಿ ಹಾಕಿದರು, ಇನ್ನೊಂದು ಪಕ್ಷದವರು ತಡೆದರು ಎಂಬಷ್ಟಕ್ಕೆ ನಾವು ಚಪ್ಪಾಳೆ ತಟ್ಟಬೇಕಾಗಿಲ್ಲ. ಅಧಿಕಾರ ಬದಲಾದಾಗ ಸಹಿ ಮತ್ತು ತಡೆ ತಮ್ಮ ಕೈಗಳನ್ನು ಬದಲಾಯಿಸಿಕೊಳ್ಳುವುದನ್ನು ಈ ಜಿಲ್ಲೆ ಬೇಕಾದಷ್ಟು ಸಲ ಕಂಡಿದೆ.

ಇನ್ನು ನದಿಯ ಕಡೆಗೆ ಬರೋಣ. ಅಣೆಕಟ್ಟಿನಿಂದ ಕಂಪ್ಲಿಯ ಸೇತುವೆಯವರೆಗಿನ 34 ಕಿಲೋಮೀಟರ್ ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ನದಿಯ ಮರಳೆಂದರೆ ಬಿಟ್ಟಿ ಬಿದ್ದ ಸಾಮಗ್ರಿಯಲ್ಲ. ಮಳೆಗಾಲದ ನೀರನ್ನು ಹೀರಿ ಬೇಸಿಗೆಯಲ್ಲಿ ದಡದ ಬಾವಿಗಳಿಗೆ ಬಿಡುವ ಭಂಡಾರ ಅದು. ಮರಳನ್ನು ಬಾಚಿದರೆ ಬಾವಿ ಇಳಿಯುತ್ತದೆ, ದಡ ಕುಸಿಯುತ್ತದೆ, ಹೊಂಡದಲ್ಲಿ ಈಜಲು ಇಳಿದ ಮಗು ಮೇಲೆ ಬರುವುದಿಲ್ಲ. ಐದು ಹೆಕ್ಟೇರಿಗಿಂತ ಚಿಕ್ಕ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಮ್ ಕೋರ್ಟು 2012ರ ಫೆಬ್ರವರಿಯಲ್ಲಿ ಹೇಳಿತು. ಆದೇಶ ದಿಲ್ಲಿಯಲ್ಲಿ ಹೊರಡುತ್ತದೆ, ಟ್ರ್ಯಾಕ್ಟರ್ ಇಲ್ಲಿ ರಾತ್ರಿ ಎರಡು ಗಂಟೆಗೆ ಹೊರಡುತ್ತದೆ. ಆ ಮರಳಿನ ಗಿರಾಕಿ ಯಾರು? ಬೆಳಿಗ್ಗೆ ಫಜ್ರ್ ನಮಾಝ್ ಮುಗಿಸಿ ಬಂದು ಮನೆಯ ಮುಂದೆ ರಾಶಿ ಬಿದ್ದಿರುವುದನ್ನು ಕಂಡು, ರಸೀದಿ ಕೇಳದೆ ಹಣ ಎಣಿಸುವ ನಾವೇ ಅಲ್ಲವೇ? ಕದ್ದ ಮಾಲೆಂದು ತಿಳಿದೂ ಕೊಂಡ ಮರಳಿನಿಂದ ಕಟ್ಟಿದ ಗೋಡೆಯ ಮೇಲೆ ಬರ್ಕತ್‌ಗಾಗಿ ಆಯತ್ ಬರೆದ ಚೌಕಟ್ಟನ್ನು ತೂಗಿಹಾಕುವವರೂ ನಾವೇ.

ಹಾಗಾದರೆ ಎಂ-ಸ್ಯಾಂಡ್ ಬಳಸೋಣ ಎನ್ನುವಿರಿ. ನದಿಗೆ ಅದು ಒಳ್ಳೆಯದೇ. ಆದರೆ ಎಂ-ಸ್ಯಾಂಡ್ ಎಂದರೆ ಪುಡಿ ಮಾಡಿದ ಬಂಡೆ. ನದಿಯನ್ನು ಬಿಟ್ಟು ಗುಡ್ಡಕ್ಕೆ ಕೈ ಹಾಕಿದಂತೆ. ಕ್ರಷರಿನ ದೂಳಿನಲ್ಲಿ ಕೆಲಸ ಮಾಡುವ ಹುಡುಗನ ಶ್ವಾಸಕೋಶಕ್ಕೆ ಇಳಿಯುವ ಕಲ್ಲಿನ ಪುಡಿ ಮತ್ತೆ ಹೊರಗೆ ಬರುವುದಿಲ್ಲ. ಸಿಲಿಕೋಸಿಸ್ ಎಂಬ ಆ ಕಾಯಿಲೆಯನ್ನು ಎಷ್ಟೋ ಸಲ ಕ್ಷಯವೆಂದೇ ತಿಳಿದು ಔಷಧಿ ಕೊಡಲಾಗುತ್ತದೆ. ಸಂದರ್ಭ ಬಂದುದರಿಂದ ಒಂದು ಮಾತು: ಗೌಂಡಿ, ಸೆಂಟ್ರಿಂಗ್, ಪೇಂಟಿಂಗ್ ಕೆಲಸದಲ್ಲಿ ನಮ್ಮ ಯುವಕರು ಬಹಳ ಮಂದಿ ಇದ್ದಾರೆ. ವರ್ಷದಲ್ಲಿ 90 ದಿನ ದುಡಿದ, 18ರಿಂದ 60ರ ಒಳಗಿನವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಈ ಹಕ್ಕನ್ನು ಪಡೆಯದವರು ನಮ್ಮ ಕೇರಿಗಳಲ್ಲಿ ಇನ್ನೂ ಇದ್ದಾರೆ. ಜಮಾಅತ್‌ಗಳು ಒಂದು ಶುಕ್ರವಾರ ಇದಕ್ಕಾಗಿ ಮೇಜು ಹಾಕಿ ಕುಳಿತರೆ ಸಾಕು.

ಹೀಗೆ ಎಲ್ಲವನ್ನೂ ಬೇಡವೆಂದರೆ ಮನೆಯನ್ನು ಯಾವುದರಿಂದ ಕಟ್ಟುವುದು? ಪ್ರಶ್ನೆ ನ್ಯಾಯವಾದುದು. ಮನೆ ಬೇಕು. ಎರಡು ಕೋಣೆಗಳಲ್ಲಿ ಒಂಬತ್ತು ಮಂದಿ ಇರುವ ಕುಟುಂಬಕ್ಕೆ ಕಟ್ಟಬೇಡಿ ಎನ್ನುವುದು ಪರಿಸರ ಪ್ರೇಮವಲ್ಲ, ಕ್ರೌರ್ಯ. ಆದರೆ ಆಯ್ಕೆ ಇದೆ, ಅದೂ ನಮ್ಮ ಪಕ್ಕದಲ್ಲೇ ಇದೆ. ಊದುಕುಲುಮೆಯಲ್ಲಿ ಒಂದು ಟನ್ ಕಬ್ಬಿಣ ಕರಗಿದಾಗ 300ರಿಂದ 400 ಕಿಲೋ ಕಿಟ್ಟ ಉಳಿಯುತ್ತದೆ. ಅದನ್ನು ನೀರಿನಲ್ಲಿ ಒಮ್ಮೆಲೇ ತಣಿಸಿ ಅರೆದರೆ ಸಿಮೆಂಟಿನ ಗುಣ ಬರುತ್ತದೆ. ಇದನ್ನು ಸೇರಿಸಿದ ಸ್ಲ್ಯಾಗ್ ಸಿಮೆಂಟಿನಲ್ಲಿ ಕಿಟ್ಟದ ಪಾಲು 25ರಿಂದ 70 ಶೇಕಡಾ ಇರಬಹುದೆಂದು ಭಾರತೀಯ ಮಾನಕವೇ ಹೇಳುತ್ತದೆ. ಅಷ್ಟರ ಮಟ್ಟಿಗೆ ಸುಣ್ಣಕಲ್ಲು ಸುಡುವುದು ಉಳಿಯಿತು. ತೋರಣಗಲ್ಲಿನಲ್ಲೇ ಇದು ತಯಾರಾಗುತ್ತದೆ. ಅದೇ ಕಿಟ್ಟದಿಂದ ಮಾಡಿದ ಮರಳೂ ಇದೆ, 2016ರಿಂದ ಅದಕ್ಕೂ ಮಾನಕದ ಒಪ್ಪಿಗೆಯಿದೆ. ಇದರಲ್ಲಿ ಗಟ್ಟಿ ಇಲ್ಲ, ಚೀಲದ ಬಣ್ಣವೇ ಬೇರೆ ಎಂದು ಕೆಲವು ಗೌಂಡಿಗಳು ತಲೆಯಾಡಿಸುತ್ತಾರೆ. ಅವರ ಅನುಭವದಲ್ಲಿ ಅರ್ಧ ಸತ್ಯವಿದೆ. ಈ ಸಿಮೆಂಟು ಆರಂಭದ ದಿನಗಳಲ್ಲಿ ನಿಧಾನವಾಗಿ ಗಟ್ಟಿಯಾಗುತ್ತದೆ. ಸಾಧಾರಣ ಸಿಮೆಂಟಿಗೆ ಏಳು ದಿನ ನೀರುಣಿಸಿದರೆ ಇದಕ್ಕೆ ಕನಿಷ್ಠ ಹತ್ತು ದಿನ, ನಮ್ಮಂತಹ ಬಿಸಿಲು ನಾಡಿನಲ್ಲಿ ಹದಿನಾಲ್ಕು ದಿನ ಉಣಿಸಬೇಕು. ಸೆಂಟ್ರಿಂಗ್ ಬಿಚ್ಚಲು ಅವಸರ ಮಾಡಬಾರದು. ಮಗಳ ನಿಕಾಹ್‌ಗೆ ಮೊದಲು ಮನೆ ಮುಗಿಯಬೇಕೆಂದು ಮೂರು ವಾರಗಳಲ್ಲಿ ಎರಡು ಸ್ಲ್ಯಾಬ್ ಹಾಕಿಸುವವರು ಯಾವ ಸಿಮೆಂಟ್ ಬಳಸಿದರೂ ಫಲ ಒಂದೇ.

ಇಟ್ಟಿಗೆಯ ಮಾತೂ ಇಂಥದ್ದೇ. ಭಟ್ಟಿಯ ಇಟ್ಟಿಗೆ ಎಂದರೆ ಗದ್ದೆಯ ಮೇಲ್ಮಣ್ಣು. ಭತ್ತ ಬೆಳೆದ ಆ ಮಣ್ಣು ಕೂಡಿಕೊಂಡಿದ್ದು ಶತಮಾನಗಳಲ್ಲಿ, ಅದನ್ನು ಕೆರೆಯಲು ಬೇಕಾದದ್ದು ಒಂದು ವಾರ. ಕುಡತಿನಿಯಲ್ಲಿ ಕಲ್ಲಿದ್ದಲು ಸುಡುವ ವಿದ್ಯುತ್ ಕೇಂದ್ರವಿದೆ, ಅದರ ಬೂದಿ ಹೊಂಡಗಳಲ್ಲಿ ಬಿದ್ದಿದೆ. ಮೇಲ್ಮಣ್ಣನ್ನು ಉಳಿಸಲೆಂದೇ ಕೇಂದ್ರ ಸರಕಾರ 1999ರಲ್ಲಿ ಹಾರುಬೂದಿಯ ಬಳಕೆಯನ್ನು ಕಡ್ಡಾಯಗೊಳಿಸಿ ಅಧಿಸೂಚನೆ ಹೊರಡಿಸಿತು. ಬೂದಿ ಇಟ್ಟಿಗೆಯನ್ನು ಸುಡಬೇಕಾಗಿಲ್ಲ, ನೀರುಣಿಸಿದರೆ ಸಾಕು. ಅಳತೆ ಒಂದೇ ಸಮನಿರುವುದರಿಂದ ಗಾರೆಯೂ ಪ್ಲಾಸ್ಟರೂ ಕಡಿಮೆ ಸಾಕಾಗುತ್ತದೆ. ಕೊಳ್ಳುವಾಗ ಎರಡು ಇಟ್ಟಿಗೆಗಳನ್ನು ಒಂದಕ್ಕೊಂದು ತಟ್ಟಿ ನೋಡಿ, ಒಂದನ್ನು ರಾತ್ರಿಯಿಡೀ ನೀರಿನಲ್ಲಿಟ್ಟು ನೋಡಿ. ಕಳಪೆ ಮಾಲು ಇದರಲ್ಲೂ ಬರುತ್ತದೆ.

ಕೆಂಪು ಮಣ್ಣಿನ ನಿವೇಶನವಿದ್ದವರಿಗೆ ಇನ್ನೊಂದು ದಾರಿಯುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗ ಹುಟ್ಟಿತು. ಅಲ್ಲಿ ಪ್ರೊಫೆಸರ್ ಕೆ. ಎಸ್. ಜಗದೀಶ್ ಮತ್ತು ಅವರ ಸಂಗಡಿಗರು, ಏಳೆಂಟು ಶೇಕಡಾ ಸಿಮೆಂಟ್ ಬೆರೆಸಿದ ಮಣ್ಣನ್ನು ಕೈಯಂತ್ರದಲ್ಲಿ ಒತ್ತಿ ಗಟ್ಟಿ ಇಟ್ಟಿಗೆ ಮಾಡುವ ವಿಧಾನವನ್ನು ರೂಪಿಸಿದರು. ಪಾಯ ತೋಡಿದ ಮಣ್ಣೇ ಗೋಡೆಯಾಗುತ್ತದೆ. ಕಂಪ್ಲಿ ಕಡೆಯ ಎರೆಮಣ್ಣು ಮಾತ್ರ ಇದಕ್ಕೆ ಒಗ್ಗದು, ಅದು ಉಬ್ಬಿ ಬಿರಿಯುತ್ತದೆ. ಮಣ್ಣಿನ ಮನೆ ಎಂದರೆ ಬಡತನದ ಗುರುತು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈಜಿಪ್ಟಿನ ಹಸನ್ ಫತ್‌ಹೀ ಎಂಬ ವಾಸ್ತುಶಿಲ್ಪಿ ಬಡ ರೈತರಿಗೆ ಕಚ್ಚಾ ಇಟ್ಟಿಗೆಯ ಗ್ರಾಮವನ್ನೇ ಕಟ್ಟಿ, ಮುಂದೆ ಜಗತ್ತಿನ ಗೌರವಕ್ಕೆ ಪಾತ್ರರಾದರು. ಅಷ್ಟು ದೂರ ಹೋಗುವುದೇಕೆ? ಮದೀನಾದಲ್ಲಿ ಪ್ರವಾದಿಯವರು(ಸ) ಸ್ವತಃ ಇಟ್ಟಿಗೆ ಹೊತ್ತು ಕಟ್ಟಿದ ಮಸೀದಿಯ ಗೋಡೆ ಹಸಿ ಇಟ್ಟಿಗೆಯದು, ಕಂಬ ಖರ್ಜೂರದ ಕಾಂಡದ್ದು, ಚಾವಣಿ ಅದರ ಗರಿಯದು.

ನೆಲಕ್ಕೆ ಗುಜರಾತಿನ ಮೋರ್ಬಿಯಿಂದ ಬರುವ ಹೊಳಪಿನ ಟೈಲ್ಸ್ ಹಾಕಿಸಿ, ವಜೂ ಮಾಡಿದ ಒದ್ದೆ ಕಾಲಿನಲ್ಲಿ ಹಿರಿಯರು ಜಾರಿ ಬೀಳುವುದನ್ನು ನಾವು ಕಂಡಿದ್ದೇವೆ. ಶಹಾಬಾದ್ ಕಲ್ಲು ನಮ್ಮ ಕಲಬುರಗಿಯದೇ. ಅದನ್ನು ಸುಡಬೇಕಾಗಿಲ್ಲ, ಬೇಸಿಗೆಯಲ್ಲಿ ತಂಪು. ಆರ್‌ಸಿಸಿ ಈಗಾಗಲೇ ಇದ್ದವರು ತಾರಸಿಗೆ ಬೇಸಿಗೆಗೆ ಮುನ್ನ ಮೂರು ಪದರ ಸುಣ್ಣ ಬಳಿಯಲಿ. ಒಳಗಿನ ಸೆಕೆ ಕೆಲವು ಡಿಗ್ರಿ ಇಳಿಯುತ್ತದೆ. ನಮ್ಮ ಮನೆಯಲ್ಲಿ ಈಗ ಅದನ್ನೇ ಮಾಡುತ್ತಿದ್ದೇವೆ. ಅಮ್ಮಿ ಈಗಿಲ್ಲ.

ಈಗ ಹಂಪಿಗೆ ಬರುತ್ತೇವೆ. ಅಲ್ಲಿ ಪ್ರವಾಸಿಗರು ಕಮಲ ಮಹಲನ್ನೂ ಆನೆಲಾಯವನ್ನೂ ನೋಡಿ ಹಿಂದಿರುಗುತ್ತಾರೆ. ಇಟ್ಟಿಗೆ, ಸುಣ್ಣದ ಗಾರೆ, ಕಲ್ಲು ಇವಿಷ್ಟರಿಂದಲೇ ಎದ್ದ ಕಮಾನುಗಳು ಮತ್ತು ಗುಮ್ಮಟಗಳು ಅವು. ಕಬ್ಬಿಣದ ಒಂದು ಸರಳೂ ಇಲ್ಲದೆ ನಿಂತಿವೆ. ಆದರೆ 1439ರಲ್ಲಿ ಎರಡನೇ ದೇವರಾಯನ ಅಧಿಕಾರಿಯಾಗಿದ್ದ ಅಹ್ಮದ್ ಖಾನ್ ಕಟ್ಟಿಸಿದ ಮಸೀದಿಯನ್ನು ನಮ್ಮವರೇ ಬಹಳ ಮಂದಿ ನೋಡಿಲ್ಲ. ಅದಕ್ಕೆ ಗುಮ್ಮಟವಿಲ್ಲ, ಕಮಾನಿಲ್ಲ. ಸ್ಥಳೀಯ ಕಲ್ಲಿನ ಕಂಬಗಳ ಮೇಲೆ ಚಪ್ಪಟೆ ಚಾವಣಿ. ದೂರದಿಂದ ನೋಡಿದರೆ ಮಂಟಪವೆಂದೇ ತೋರುತ್ತದೆ. ಅಲ್ಲಿನ ಕನ್ನಡ ಶಾಸನ ಅದನ್ನು ಧರ್ಮಶಾಲೆ ಎಂದು ಕರೆದಿದೆ. ಈ ನೆಲದ ಕಲ್ಲು, ಈ ನೆಲದ ಕಲ್ಲುಕುಟಿಗ, ಈ ನೆಲದ ರೂಪ. ಯಾವುದೋ ದೂರದ ನಗರದ ಮಸೀದಿಯ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ ಇಂತಹುದೇ ಮಿನಾರ್ ಬೇಕೆಂದು ಅಹ್ಮದ್ ಖಾನ್ ಹಟ ಹಿಡಿಯಲಿಲ್ಲ. ಹಿಡಿಯಲು ಮೊಬೈಲೂ ಇರಲಿಲ್ಲ ಎಂದು ನೀವು ನಗಬಹುದು. ಆದರೆ ಮಾತು ಉಳಿಯುತ್ತದೆ.

ಇಲ್ಲಿಗೆ ಹತ್ತಿರದ ಇನ್ನೊಂದು ಸಾಕ್ಷಿ ನಮ್ಮ ಅಣೆಕಟ್ಟು. 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ಹಿಡಿದ ಆ ಕಲ್ಲುಕಟ್ಟಡದ ಗಾರೆಯಲ್ಲಿ ಸುರ್ಖಿ, ಅಂದರೆ ಸುಟ್ಟ ಜೇಡಿಮಣ್ಣಿನ ಪುಡಿ ಇದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ ಹತ್ತೊಂಬತ್ತನೆಯದು ಸರಪಳಿ ಕಡಿದು ಕೊಚ್ಚಿಹೋದಾಗ ಊರೆಲ್ಲ ನಿದ್ದೆಗೆಟ್ಟಿತು. ಕಲ್ಲಿನ ಗೋಡೆ ಅಲುಗಲಿಲ್ಲ. ಉಕ್ಕು ಸೋತಿತು, ಗಾರೆ ಗೆದ್ದಿತು ಎಂದು ಹೇಳಲು ಆಸೆಯಾಗುತ್ತದೆ. ಅದು ನ್ಯಾಯವಾಗದು. ಎಪ್ಪತ್ತು ವರ್ಷ ನೀರಿನಲ್ಲಿ ನಿಂತ ಗೇಟನ್ನು ಸಕಾಲದಲ್ಲಿ ಬದಲಾಯಿಸಬೇಕಾಗಿತ್ತು. ಕಟ್ಟುವ ಹಣ ಯಾವಾಗಲೂ ಸಿಗುತ್ತದೆ, ಕಾಪಾಡುವ ಹಣ ಸಿಗುವುದಿಲ್ಲ. ಉದ್ಘಾಟನೆಗೆ ಕಲ್ಲು ನೆಡಬಹುದು, ದುರಸ್ತಿಗೆ ಯಾರ ಹೆಸರು ಬರೆಯುವುದು?

ಈ ಮಾತು ನಮ್ಮನ್ನು ಇಂದಿನ ಸಭೆಯ ನಿಜವಾದ ಕಾರಣಕ್ಕೆ ತರುತ್ತದೆ. ನಮ್ಮ ಮೊಹಲ್ಲಾದ ಹಳೆಯ ಮಸೀದಿಯನ್ನು ಕೆಡವಿ ಮೂರಂತಸ್ತಿನ ಆರ್‌ಸಿಸಿ ಮಸೀದಿ ಕಟ್ಟುವ ಪ್ರಸ್ತಾಪ ಜಮಾಅತ್‌ನ ಮುಂದಿದೆ. ಜಾಗ ಸಾಲದು ಎಂಬುದು ನಿಜ. ಜುಮಾಕ್ಕೆ ಜನ ರಸ್ತೆಯಲ್ಲಿ ಸಾಲು ನಿಲ್ಲುತ್ತಾರೆ. ಆದರೆ ಈಗಿರುವ ಕಟ್ಟಡ ಕಲ್ಲುಗೋಡೆಯದು, ತೊಲೆಗಳ ಮೇಲೆ ಇಟ್ಟಿಗೆಯನ್ನು ಅಡ್ಡ ನಿಲ್ಲಿಸಿ ಸುಣ್ಣ ಹಾಕಿದ ಮದ್ರಾಸ್ ತಾರಸಿಯದು. ಈ ಊರು ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಕಾಲದ ಕೆಲಸ. ಒಂದು ಮೂಲೆಯಲ್ಲಿ ನೀರು ಜಿನುಗುತ್ತದೆ, ಎರಡು ತೊಲೆಗಳಿಗೆ ಗೆದ್ದಲು ಹಿಡಿದಿದೆ. ಹಳೆಯ ಗಾರೆಯ ಕೆಲಸ ಬಲ್ಲ ಒಬ್ಬ ಗೌಂಡಿಯವರನ್ನು ನಾವು ಕರೆತಂದು ತೋರಿಸಿದೆವು. ಎರಡು ತೊಲೆ ಬದಲಾಯಿಸಿ, ಮೇಲಿನ ಸುಣ್ಣವನ್ನು ಕೆತ್ತಿ ಮತ್ತೆ ಹಾಕಿದರೆ ಈ ತಾರಸಿ ನನಗಿಂತ ಹೆಚ್ಚು ಬಾಳುತ್ತದೆ ಎಂದರು. ಅವರಿಗೆ ಅರವತ್ತು ದಾಟಿದೆ, ಅವರ ಮಕ್ಕಳು ಯಾರೂ ಈ ಕೆಲಸ ಕಲಿತಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟೇ. ಹಳೆಯದನ್ನು ಉಳಿಸಿ, ಹಿಂಬದಿಯ ಖಾಲಿ ಜಾಗದಲ್ಲಿ ಒಂದಂತಸ್ತಿನ ವಿಸ್ತರಣೆ ಮಾಡೋಣ. ಅದಕ್ಕೆ ಬೂದಿ ಇಟ್ಟಿಗೆ ಮತ್ತು ಸ್ಲ್ಯಾಗ್ ಸಿಮೆಂಟು ಬಳಸೋಣ. ರಸೀದಿ ಇಲ್ಲದ ಒಂದು ಬುಟ್ಟಿ ಮರಳೂ ಒಳಗೆ ಬಾರದಿರಲಿ. ವಜೂವಿನ ನೀರು ಚರಂಡಿಗೆ ಹೋಗದೆ ಅಂಗಳದ ಬೇವಿನ ಮರಗಳಿಗೆ ಹೋಗಲಿ. ತಾರಸಿಯ ಮಳೆನೀರು ಹಳೆಯ ಬಾವಿಗೆ ಇಳಿಯಲಿ. ಇದಕ್ಕೆ ಮೂರಂತಸ್ತಿನ ಭವ್ಯತೆ ಬರುವುದಿಲ್ಲ ಎಂದು ಕೆಲವು ಸಹೋದರರು ಬೇಸರಪಟ್ಟಿದ್ದಾರೆ. ಅವರ ಪ್ರೀತಿಯನ್ನು ನಾವು ಶಂಕಿಸುವುದಿಲ್ಲ. ಎರಡೂ ನಕ್ಷೆಗಳು, ಎರಡರ ಅಂದಾಜು ಪಟ್ಟಿಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ಹೆಂಗಸರ ಕಡೆಗೂ ಒಂದೊಂದು ಪ್ರತಿ ಕಳುಹಿಸಿದ್ದೇವೆ. ಜಮಾಅತ್ ಸಭೆ ಬರುವ ಶುಕ್ರವಾರ ಅಸರ್ ನಮಾಝಿನ ಬಳಿಕ ಇದೆ. ಗೌಂಡಿಯವರೂ ಅಂದು ಬರಲು ಒಪ್ಪಿದ್ದಾರೆ. ಕೆಲಸ ಕಲಿಯಬಯಸುವ ನಾಲ್ಕು ಹುಡುಗರಿದ್ದರೆ ಜೊತೆಗೆ ಕರೆತನ್ನಿ ಎಂದಿದ್ದಾರೆ.